ಉಪವಾಸವಿದ್ದು ಬರಬೇಕು

ಮೊದಲು ಚೀಟಿಯ ವಿಷಯ ಹೇಳಿಬಿಡುತ್ತೇನೆ. ಅದನ್ನು ಬರೆದವನು ನಾನೇ.

ಎಂಬತ್ತರ ದಶಕದ ಕೊನೆಯ ವರ್ಷಗಳು. ಹುಮನಾಬಾದಿನ ಒಂದು ಖಾಸಗಿ ನರ್ಸಿಂಗ್ ಹೋಮಿಗೆ ಪ್ರತಿ ಗುರುವಾರ ಹೈದರಾಬಾದಿನಿಂದ ಒಂದು ವ್ಯಾನು ಬರುತ್ತಿತ್ತು. ಅದರಲ್ಲಿ ಒಬ್ಬ ಡಾಕ್ಟರು ಮತ್ತು ಒಂದು ಅಲ್ಟ್ರಾಸೌಂಡ್ ಯಂತ್ರ. ಎಕ್ಸ್‌ರೇಗೆ ಸಿಗದ ಮೆತ್ತನೆಯ ಅಂಗಗಳನ್ನು ಶಬ್ದದ ಅಲೆ ಹಾಯಿಸಿ ನೋಡುವ ಯಂತ್ರವದು. ನಮ್ಮ ಸುತ್ತಿನ ಊರುಗಳಿಗೆಲ್ಲ ಅದೊಂದೇ. ನರ್ಸಿಂಗ್ ಹೋಮಿನ ಮಾಲೀಕರು ನನಗೆ ಪರಿಚಯ. ನಾನು ಹುಟ್ಟಿದ್ದು ಹುಮನಾಬಾದಿನಲ್ಲೇ. ಬಸವಕಲ್ಯಾಣದ ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ, ಕನ್ನಡ ಚೆನ್ನಾಗಿ ಬರೆಯುತ್ತೇನೆಂಬ ಹೆಸರೂ ಇತ್ತು. ಇಂಗ್ಲಿಷಿನಲ್ಲಿದ್ದ ಸೂಚನೆಯನ್ನು ಕನ್ನಡ ಮಾಡಿಕೊಡಿ ಎಂದರು. ಮಾಡಿಕೊಟ್ಟೆ. ಎರಡನೆಯ ಸಾಲು ಹೀಗಿತ್ತು: ‘ಗುರುವಾರ ಬೆಳಿಗ್ಗೆ ಉಪವಾಸವಿದ್ದು ಬರಬೇಕು.’ ಅಚ್ಚಾಗಿ ಬಂದಾಗ ಎರಡು ಸಲ ಓದಿಕೊಂಡೆ. ಒಂದು ತಪ್ಪೂ ಇರಲಿಲ್ಲ.

ಆ ಚೀಟಿಯನ್ನು ಹಿಡಿದು ಹೋದವರಲ್ಲಿ ನಮ್ಮ ಪ್ರಯೋಗಾಲಯದ ಅಟೆಂಡರ್ ಒಬ್ಬರು. ಮಂಠಾಳದವರು, ಐವತ್ತು ದಾಟಿದವರು. ವಿದ್ಯಾರ್ಥಿಗಳಿಂದ ಹಿಡಿದು ಪ್ರಿನ್ಸಿಪಾಲರ ತನಕ ಎಲ್ಲರೂ ಅವರನ್ನು ಕಾಕಾ ಎಂದೇ ಕರೆಯುತ್ತಿದ್ದರು. ಏಳನೆಯ ಇಯತ್ತೆಯವರೆಗೆ ಓದಿದ್ದ ಕಾಕಾ ವರ್ನಿಯರ್ ಅಳತೆಯನ್ನು ನನ್ನ ಬಿ.ಎಸ್ಸಿ. ಹುಡುಗರಿಗಿಂತ ಸರಿಯಾಗಿ ಓದುತ್ತಿದ್ದರು.

ಆ ವರ್ಷ ದಸರೆಗೆ ಮುಂಚೆ ಅವರಿಗೆ ಬೆನ್ನು ನೋವು ಶುರುವಾಯಿತು. ಮಲಗಿದರೆ ಹೆಚ್ಚು, ಮುಂದಕ್ಕೆ ಬಾಗಿದರೆ ಕಡಿಮೆ. ಸ್ಟೂಲಿನ ಮೇಲೆ ಕೂತು, ಎದೆಗೆ ಮೊಣಕಾಲು ಅಪ್ಪಿಕೊಂಡಿರುತ್ತಿದ್ದರು.

“ಸರ, ಧೋತರ ಎರಡು ಸುತ್ತ ಹೆಚ್ಚಿಗಿ ಬರಾಕತ್ತಾದ,” ಎಂದರು ಒಂದು ದಿನ. “ಧೋತರ ಬೆಳ್ಯಾಕತ್ತಾದೋ, ನಾ ಸಣ್ಣ ಆಗಾಕತ್ತೀನೋ, ನೀವೇ ಅಳದು ಹೇಳ್ರಿ.”

ನಾನೇ ಹುಮನಾಬಾದಿಗೆ ಕಳಿಸಿದೆ. ಗುರುವಾರ ಹೋಗಿ ಸಂಜೆ ಬಂದರು. ಕೈಯಲ್ಲಿ ಅಂಗೈಯಗಲದ ಕಪ್ಪು-ಬಿಳುಪು ಚಿತ್ರ, ಜೊತೆಗೊಂದು ಹಾಳೆ. ಹಾಳೆಯ ಮೇಲೆ ರಬ್ಬರ್ ಸ್ಟಾಂಪು ಒತ್ತಿದ್ದರು. ಲಿವರ್, ಪಿತ್ತಕೋಶ, ಮೇದೋಜೀರಕ ಗ್ರಂಥಿ, ಮೂತ್ರಪಿಂಡ ಎಂದು ಒಂದರ ಕೆಳಗೊಂದು ಅಂಗಗಳ ಹೆಸರು. ಎಲ್ಲಕ್ಕೂ ಸೇರಿಸಿ ಬಲಗಡೆ ಒಂದೇ ಮಾತು: ‘ನಾರ್ಮಲ್’. ಬರೆಯುವ ತೊಂದರೆಯೂ ಬೇಡವೆಂದು ಮಾತನ್ನು ಸ್ಟಾಂಪಿನಲ್ಲೇ ಕೊರೆಸಿದ್ದರು.

“ಇದೇನ್ರಿ ಸರ, ಮೇದೋಜೀರಕ? ನಾ ಜೀರಗಿ ಒಗ್ಗರಣ್ಯಾಗ ಅಷ್ಟ ಅದ ಅಂತ ತಿಳದಿದ್ದೆ. ಹೊಟ್ಟ್ಯಾಗೂ ಅದಾ?”

ಅದು ಜಠರದ ಹಿಂದೆ, ಬೆನ್ನುಮೂಳೆಗೆ ಆತುಕೊಂಡು ಅಡ್ಡ ಮಲಗಿರುವ ಗ್ರಂಥಿ ಎಂದು ಹೇಳಿದೆ. ಅದಕ್ಕೆ ಬರುವ ಕ್ಯಾನ್ಸರು ತಡವಾಗಿ ತಿಳಿಯುತ್ತದೆ, ನೋವು ಬೆನ್ನಿನಲ್ಲಿ ಬರುತ್ತದೆ ಎನ್ನುವುದು ಆಗ ನನಗೆ ಗೊತ್ತಿರಲಿಲ್ಲ. ಗೊತ್ತಿರಬೇಕಾದವರು ನಾರ್ಮಲ್ ಎಂದಿದ್ದರು. ಕಾಕಾ ಮರುದಿನ ಸ್ಟಾಫ್ ರೂಮಿಗೆಲ್ಲ ಪೇಢಾ ಹಂಚಿದರು.

ಒಂದು ತಿಂಗಳಲ್ಲಿ ಅವರ ಕುತ್ತಿಗೆಯ ಮೂಳೆ ಎದ್ದು ಕಂಡವು. ಬಸವಕಲ್ಯಾಣದ ಡಾಕ್ಟರ ಹತ್ತಿರ ಮೂರು ಸಲ ಹೋದರು. ಮೂರೂ ಸಲ ಅವರು ಸ್ಟಾಂಪಿನ ಹಾಳೆ ನೋಡಿ ಗ್ಯಾಸಿನ ಗುಳಿಗೆ ಕೊಟ್ಟರು. ಕಾಕಾನ ಹೆಂಡತಿ ಒಂದು ದಿನ ಕಾಲೇಜಿಗೇ ಬಂದು ನನ್ನ ಮುಂದೆ ನಿಂತರು.

“ಆ ಕಾಗದ ಬಂದಾಗಿಂದ ಮನ್ಯಾಗ ಇವ್ರ ಮಾತ ಯಾರೂ ಕೇಳವಲ್ರುರಿ. ಮಕ್ಳು ಸುದ್ಧಾ ‘ಅಪ್ಪ ನಾಟಕ ಮಾಡಾಕತ್ತಾನ’ ಅಂತಾವ. ಮಕ್ಕೊಳ್ಳಾಕ ಆಗವಲ್ದು ಅವ್ರಿಗಿ. ಫೋಟೋದಾಗ ನಾರ್ಮಲ್ ಅದ, ಮೈಯಾಗ ಇಲ್ಲ. ಯಾವ್ದು ಖರೇ ಅಂತ ತಿಳೀಬೇಕ್ರಿ ನಾ?”

ಆ ಪ್ರಶ್ನೆ ನನ್ನನ್ನು ಹಿಡಿದುಕೊಂಡಿತು. ಆದರೆ ನಾನು ಹಿಡಿದ ದಾರಿ ಮೇಷ್ಟರ ದಾರಿ. ಚಿತ್ರದಲ್ಲಿ ಏನಿದೆ, ಅದು ಹೇಗೆ ಹುಟ್ಟಿತು ಎಂದು ತಿಳಿಯಲು ಹೊರಟೆ. ಕಾಲೇಜಿಗೆ ಆ ವರ್ಷ ಸರಕಾರದ ಯೋಜನೆಯಲ್ಲಿ ಎರಡು ಕಂಪ್ಯೂಟರ್ ಬಂದಿದ್ದವು. ನೆನಪಿನ ಜಾಗ ಮೂವತ್ತೆರಡು ಕೆ ಮಾತ್ರ, ಪರದೆಗೆ ಒಂದು ಟಿ.ವಿ., ಕೆಲಸ ಉಳಿಸಿಡಲು ಹಾಡು ಕೇಳುವಂಥ ಕ್ಯಾಸೆಟ್ಟು. ಗುಲಬರ್ಗಾದಿಂದ ಒಬ್ಬ ಗೆಳೆಯ ಅಲ್ಟ್ರಾಸೌಂಡಿನ ಭೌತಶಾಸ್ತ್ರದ ಪುಸ್ತಕ ತಂದುಕೊಟ್ಟ. ಮೇದೋಜೀರಕದ ಗಡ್ಡೆಯ ನೋವು ಬೆನ್ನಿಗೆ ಬರುತ್ತದೆ, ಮುಂದಕ್ಕೆ ಬಾಗಿದರೆ ಇಳಿಯುತ್ತದೆ ಎಂದು ಓದಿದ್ದು ಅದರಲ್ಲೇ.

ಕಂಪ್ಯೂಟರಿನೊಳಗೆ ಒಂದು ಹೊಟ್ಟೆ ಕಟ್ಟುವುದು ನನ್ನ ಯೋಜನೆ. ಚರ್ಮ, ಕೊಬ್ಬು, ಸ್ನಾಯು, ಲಿವರಿನ ಅಂಚು, ಜಠರ, ಅದರ ಹಿಂದೆ ಮೇದೋಜೀರಕ. ಪ್ರತಿ ಪದರಕ್ಕೆ ಅದರ ದಪ್ಪ, ಶಬ್ದವನ್ನು ಅದು ಎಷ್ಟು ನುಂಗುತ್ತದೆ, ಎಷ್ಟು ಮರಳಿಸುತ್ತದೆ ಎಂಬ ಅಂಕಿ. ಮೇಲಿನಿಂದ ಅರವತ್ತನಾಲ್ಕು ಗೆರೆಗಳಲ್ಲಿ ಶಬ್ದ ಕೆಳಗಿಳಿಯಬೇಕು, ಒಂದೊಂದು ಗೆರೆಯಲ್ಲಿ ನೂರು ಬಿಂದುಗಳಿಂದ ಮರಳಿ ಬರುವ ಪ್ರತಿಧ್ವನಿಯ ಲೆಕ್ಕ ಸಿಗಬೇಕು. ಪ್ರತಿಧ್ವನಿ ಜೋರಾದ ಕಡೆ ಪ್ರಿಂಟರು ನಕ್ಷತ್ರ ಹೊಡೆಯುತ್ತಿತ್ತು, ಸಣ್ಣದಾದರೆ ಚುಕ್ಕೆ, ಇಲ್ಲದಿದ್ದರೆ ಖಾಲಿ. ಒಂದು ಚಿತ್ರಕ್ಕೆ ನಲವತ್ತು ನಿಮಿಷ. ಬೆಳಿಗ್ಗೆ ಏಳಕ್ಕೆ ಹೋಗಿ ಕೂರುತ್ತಿದ್ದೆ. ಹತ್ತಕ್ಕೆ ಕರೆಂಟು ಹೋಗುತ್ತಿತ್ತು. ಕೆಲವು ದಿನ ಹೇಳದೆ ಕೇಳದೆ ಒಂಬತ್ತಕ್ಕೇ ಹೋಗಿ ಹೊಟ್ಟೆಯೆಲ್ಲ ಅಳಿಸಿಹೋಗುತ್ತಿತ್ತು. ಕ್ಯಾಸೆಟ್ಟಿಗೆ ಧೂಳು ಕೂತು ಎರಡು ವಾರದ ಕೆಲಸವನ್ನು ಕಂಪ್ಯೂಟರ್ ಒಮ್ಮೆ ಓದಲೇ ಇಲ್ಲ. ಮತ್ತೆ ಮೊದಲಿನಿಂದ ಬರೆದೆ.

ಗ್ರಂಥಿಯೊಳಗೆ ನಾಲ್ಕು ಸೆಂಟಿಮೀಟರಿನ ಗಡ್ಡೆಯನ್ನು ಇಟ್ಟೆ. ನಕ್ಷತ್ರಗಳ ನಡುವೆ ಖಾಲಿ ತೇಪೆಯಾಗಿ ಅದು ಸ್ಪಷ್ಟವಾಗಿ ಬಂತು. ಆಮೇಲೆ ಜಠರಕ್ಕೆ ಗಾಳಿ ತುಂಬಿಸಿದೆ. ಗಾಳಿಯ ಮೇಲ್ಮೈಗೆ ಬಿದ್ದ ಶಬ್ದ ಹೆಚ್ಚುಕಡಿಮೆ ಪೂರ್ತಿ ಹಿಂದಕ್ಕೆ ಬರುತ್ತದೆ, ಒಳಗೆ ಹೋಗುವುದಿಲ್ಲ. ಹಾಗಾಗಿ ಕೆಳಗೆಲ್ಲ ಖಾಲಿ ಬಂತು. ಗಡ್ಡೆ ಕಾಣದ್ದಕ್ಕೆ ಕಾರಣ ಸಿಕ್ಕಿತು ಎಂದುಕೊಂಡೆ. ಕಾಕಾನ ಚಿತ್ರ ಪಕ್ಕಕ್ಕೆ ಇಟ್ಟು ನೋಡಿದರೆ ಸಿಕ್ಕಿರಲಿಲ್ಲ. ಅವರ ಚಿತ್ರದಲ್ಲಿ ಮೇಲೊಂದು ದಪ್ಪ ಬಿಳಿ ಗೆರೆಯೇನೋ ಇತ್ತು, ಆದರೆ ಅದರ ಕೆಳಗೆ ಖಾಲಿ ಇರಲಿಲ್ಲ. ಬೂದು ಬಣ್ಣದ ಪಟ್ಟಿಗಳಿದ್ದವು. ಮಾಂಸದ ಹಾಗೆಯೇ ಕಾಣುತ್ತಿದ್ದವು. ಅಂದರೆ ಶಬ್ದ ಒಳಗೆ ಹೋಗಿದೆ, ಗ್ರಂಥಿ ಕಂಡಿದೆ, ಡಾಕ್ಟರು ಹೇಳಿದ್ದೇ ಸರಿ. ಎಂಟು ದಿನ ನಾನು ಕಂಪ್ಯೂಟರ್ ಮುಟ್ಟಲಿಲ್ಲ.

ದಾರಿ ತೋರಿಸಿದವರು ಕಾಕಾನೇ. ನಾನು ಚಿತ್ರ ನೋಡುತ್ತ ಕೂತಿದ್ದಾಗ ಅವರು ಟ್ರಾವೆಲಿಂಗ್ ಮೈಕ್ರೋಸ್ಕೋಪ್ ತಂದು ಮೇಜಿನ ಮೇಲೆ ಇಟ್ಟರು. ಸಣ್ಣ ದೂರಗಳನ್ನು ಅಳೆಯುವ, ಹಿತ್ತಾಳೆಯ ಹಳಿಯ ಮೇಲೆ ಸರಿಯುವ ಮಸೂರವದು.

“ಕಣ್ಣಲೆ ಎಷ್ಟ ನೋಡ್ತೀರಿ? ಅಳೀರಿ. ನೀವೇ ಹುಡುಗ್ರಿಗಿ ಹೇಳ್ತೀರಲ್ಲ, ನೋಡೋದು ಬ್ಯಾರೆ, ಅಳಿಯೋದು ಬ್ಯಾರೆ ಅಂತ.”

ತಾವೇ ಚಿತ್ರವನ್ನು ಪಿನ್ನಿನಿಂದ ಹಲಗೆಗೆ ಚುಚ್ಚಿದರು. ತಾವೇ ಮಸೂರ ಸರಿಸಿ ಅಳತೆ ಹೇಳುತ್ತ ಹೋದರು, ನಾನು ಬರೆದುಕೊಂಡೆ. ಮೇಲಿನ ಅಂಚಿನಿಂದ ಮೊದಲ ಬಿಳಿ ಗೆರೆಗೆ ಒಂಬತ್ತು ಮಿಲಿಮೀಟರಿಗೆ ಚೂರು ಹೆಚ್ಚು. ಅಲ್ಲಿಂದ ಕೆಳಗಿನ ಪಟ್ಟಿಗೂ ಅಷ್ಟೇ. ಅದರ ಕೆಳಗಿನದಕ್ಕೂ ಅಷ್ಟೇ.

“ಸರ, ಇವು ಪೂರಾ ಸಮ ಅದಾವು. ಮೈಯಾಗಿನ ಮಾಂಸ ಹಿಂಗ ಸಮಾ ಕೊಯ್ದಂಗ ಇರ್ತಾದೇನ್ರಿ?” ಮಸೂರದಿಂದ ಕಣ್ಣು ತೆಗೆದು ನಕ್ಕರು. “ಇದು ನಮ್ಮ ಕಿಲ್ಲೆದ ಬಾವ್ಯಾಗ ಕೂಗಿದಂಗ ಆಯ್ತು. ಒಮ್ಮಿ ‘ಓ’ ಅಂದ್ರ ಬಾವಿ ನಾಕ ಸಲ ‘ಓ’ ಅಂತಾದ. ಒಳಗ ನಾಕ ಮಂದಿ ಅದಾರ ಅಂತ ಅಲ್ಲಲ್ಲ.”

ಗಾಳಿಗೆ ಬಡಿದು ಮರಳಿದ ಶಬ್ದ ಚರ್ಮದ ಮೇಲಿನ ಯಂತ್ರದ ಮುಖಕ್ಕೆ ಬಡಿದು ಮತ್ತೆ ಕೆಳಗಿಳಿಯುತ್ತದೆ, ಮತ್ತೆ ಗಾಳಿಗೆ ಬಡಿಯುತ್ತದೆ. ತಡವಾಗಿ ಬಂದದ್ದನ್ನು ಯಂತ್ರ ಆಳದಿಂದ ಬಂದದ್ದೆಂದು ತಿಳಿಯುತ್ತದೆ. ನನ್ನ ಲೆಕ್ಕದಲ್ಲಿ ಒಂದೇ ಪ್ರತಿಧ್ವನಿ ಇತ್ತು. ಮೂರು ದಿನ ಕೂತು ಮರುಪ್ರತಿಧ್ವನಿಗಳನ್ನು ಸೇರಿಸಿದೆ. ಖಾಲಿ ಇದ್ದ ಕಡೆ ಬೂದು ಪಟ್ಟಿಗಳು ಬಂದವು, ಸಮ ಅಂತರದಲ್ಲಿ.

ಆಮೇಲೆ ಎರಡು ಚಿತ್ರ ತೆಗೆದೆ. ಎರಡರಲ್ಲೂ ಜಠರದಲ್ಲಿ ಗಾಳಿ. ಒಂದರಲ್ಲಿ ಗ್ರಂಥಿ ಆರೋಗ್ಯವಾಗಿದೆ, ಇನ್ನೊಂದರಲ್ಲಿ ನಾಲ್ಕು ಸೆಂಟಿಮೀಟರಿನ ಗಡ್ಡೆ ಇದೆ. ಎರಡು ಹಾಳೆಗಳನ್ನು ಒಂದರ ಮೇಲೊಂದು ಇಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ನಕ್ಷತ್ರದ ಮೇಲೆ ನಕ್ಷತ್ರ, ಚುಕ್ಕೆಯ ಮೇಲೆ ಚುಕ್ಕೆ. ಒಂದು ಗುರುತಿನ ವ್ಯತ್ಯಾಸವೂ ಇರಲಿಲ್ಲ.

ಆಗ ಬಂದ ಸಿಟ್ಟು ಈ ಹೊತ್ತಿಗೂ ಇಳಿದಿಲ್ಲ. ಕಾಣದಿರುವುದು ಯಂತ್ರದ ತಪ್ಪಲ್ಲ. ಕಾಣಲಿಲ್ಲ ಎಂದು ಬರೆದಿದ್ದರೆ ಇನ್ನೊಬ್ಬ ಡಾಕ್ಟರು ಇನ್ನೊಂದು ದಾರಿ ಹುಡುಕುತ್ತಿದ್ದರು. ಕಾಣದ್ದನ್ನು ನಾರ್ಮಲ್ ಎಂದು ಸ್ಟಾಂಪು ಒತ್ತಿದ್ದರಿಂದ ಎಲ್ಲ ಬಾಗಿಲೂ ಮುಚ್ಚಿದವು. ಮಕ್ಕಳ ಕಿವಿಯೂ ಸೇರಿ.

ಒಂದೇ ಪ್ರಶ್ನೆ ಉಳಿದಿತ್ತು. ಬರೀ ಹೊಟ್ಟೆಯಲ್ಲಿ ಹೋದವರ ಜಠರದಲ್ಲಿ ಇಷ್ಟು ಗಾಳಿ ಎಲ್ಲಿಂದ ಬಂತು?

“ಕಾಕಾ, ಅವತ್ತು ಏನಾದರೂ ತಿಂದು ಹೋಗಿದ್ರಾ?”

“ಛೆ! ಚೀಟ್ಯಾಗ ಬರದಿತ್ತಲ್ರಿ, ಉಪವಾಸ ಅಂತ. ಪಕ್ಕಾ ಉಪವಾಸ. ರೊಟ್ಟಿ ಮುಟ್ಟಿಲ್ಲ, ಅನ್ನ ಮುಟ್ಟಿಲ್ಲ.”

“ಏನೂ ಇಲ್ಲವೇ?”

“ಏನೂ ಇಲ್ಲ. ಗುರುವಾರ, ದತ್ತನ ವಾರ. ಹೆಂಗಿದ್ರೂ ನಾ ಉಪವಾಸ ಇರಾಂವನೇ. ಹೆಂಡ್ತಿ ಸಾಬುದಾಣಿ ಖಿಚಡಿ ಮಾಡಿದ್ಲು. ಬಸ್ಸಿನ್ಯಾಗ ಒಂದ ಪಾವ ಹುರದ ಶೇಂಗಾ. ಹಾದ್ಯಾಗ ಬಂಗ್ಲಾ ಸ್ಟಾಪಿಗಿ ಬಸ್ ನಿಂತಾಗ ಎರಡ ಬಾಳಿಹಣ್ಣ, ಒಂದ ಚಾ. ಅಷ್ಟ. ಫರಾಳ ಬಿಟ್ರ ಮತ್ತೇನೂ ಇಲ್ರಿ.”

ನನ್ನ ತಾಯಿಯೂ ಗುರುವಾರ ಉಪವಾಸ ಮಾಡುತ್ತಿದ್ದಳು. ಆ ದಿನ ಫರಾಳವೆಂದು ನಮ್ಮ ಮನೆಯಲ್ಲಿ ಉಳಿದ ದಿನಗಳಿಗಿಂತ ಹೆಚ್ಚು ತಿಂಡಿ ಇರುತ್ತಿತ್ತು. ಸಬ್ಬಕ್ಕಿ ಖಿಚಡಿಯ ಆಸೆಗೆ ನಾವು ಮಕ್ಕಳೂ ಉಪವಾಸ ಮಾಡುತ್ತಿದ್ದೆವು. ಈ ಸೀಮೆಯಲ್ಲಿ ಉಪವಾಸ ಎಂದರೆ ಏನು ತಿನ್ನುವುದು ಎಂದು ನನಗೆ ಹುಟ್ಟಿನಿಂದ ಗೊತ್ತಿತ್ತು. ಬರೆಯಲು ಕೂತಾಗ ಪುಸ್ತಕದ ಕನ್ನಡ ಕೈಹಿಡಿಯಿತು, ಮನೆಯ ಕನ್ನಡ ನೆನಪಾಗಲಿಲ್ಲ. ಅದೂ ಗುರುವಾರ ಎಂದು ಸೇರಿಸಿ ಬರೆದಿದ್ದೆ.

ಇನ್ನೂ ಒಂದನ್ನು ಬರೆಯಲೇಬೇಕು. ಕಂಪ್ಯೂಟರಿನ ಕೆಲಸಕ್ಕೆ ನನಗೆ ಒಂಬತ್ತು ವಾರ ಹಿಡಿದಿತ್ತು. ಈ ಪ್ರಶ್ನೆ ಕೇಳಲು ಅರ್ಧ ನಿಮಿಷವೂ ಹಿಡಿಯಲಿಲ್ಲ. ಒಂಬತ್ತು ವಾರವೂ ಕಾಕಾ ನನ್ನಿಂದ ಎರಡು ಮೇಜಿನ ಆಚೆ ಕೂತಿದ್ದರು.

ಅವತ್ತೇ ಕೊನೆಯ ಲೆಕ್ಕ ಓಡಿಸಿದೆ. ಜಠರಕ್ಕೆ ಗಾಳಿಯ ಬದಲು ನೀರು ತುಂಬಿಸಿದೆ. ಶಬ್ದ ನೀರಿನಲ್ಲಿ ಸರಾಗವಾಗಿ ಇಳಿಯಿತು. ನಾಲ್ಕು ಸೆಂಟಿಮೀಟರಿನ ಗಡ್ಡೆ ಕಂಡಿತು, ಎರಡರದ್ದೂ ಕಂಡಿತು. ಒಂದು ಸೆಂಟಿಮೀಟರಿನದು ಕಾಣಲಿಲ್ಲ. ಹಾಳೆಗಳನ್ನು ಮಡಿಚಿಟ್ಟು ತಲೆ ಎತ್ತಿದಾಗ ಕಿಟಕಿಯ ಬೆಳಕಿನಲ್ಲಿ ಕಾಕಾನ ಕಣ್ಣು ಹಳದಿಯಾಗಿ ಕಂಡವು.

ಕಾಕಾನನ್ನು ಮತ್ತೆ ಹುಮನಾಬಾದಿಗೆ ಕರೆದೊಯ್ಯಬೇಕಿದ್ದ ಗುರುವಾರದವರೆಗೆ ಒಂದೇ ವಿಚಾರ. ಡಾಕ್ಟರಿಗೆ ಚೀಟಿ ನನ್ನದೆಂದು ಹೇಳುವುದೋ ಬೇಡವೋ? ಹೇಳಿದರೆ ತಪ್ಪೆಲ್ಲ ನನ್ನ ಮೇಲೆ ಹಾಕಿ ಅವರು ಜಾರಿಕೊಳ್ಳುತ್ತಾರೆ. ಹೇಳದಿದ್ದರೆ ನಾನೂ ಒಂದು ಸ್ಟಾಂಪು ಒತ್ತಿದ ಹಾಗೆ. ಹೇಳುವುದೆಂದು ಬಸ್ಸಿನಲ್ಲಿ ತೀರ್ಮಾನ ಮಾಡಿದೆ. ಕಾಕಾ ಆ ದಿನ ಎಲೆಯಡಿಕೆಯನ್ನೂ ಹಾಕಿರಲಿಲ್ಲ.

ಡಾಕ್ಟರು ನನ್ನ ಹಾಳೆಗಳನ್ನು ಬೆರಳ ತುದಿಯಿಂದ ಹಿಂದಕ್ಕೆ ತಳ್ಳಿದರು.

“ಮಾಸ್ತರ್ ಸಾಬ್, ಪಾಠ ನೀವು ನೋಡ್ರಿ. ಫಿಲ್ಮು ನಾ ನೋಡ್ತೀನಿ.”

“ಗ್ರಂಥಿ ನಿಮಗೆ ಕಂಡಿತ್ತೇ? ಅಷ್ಟು ಹೇಳಿ.”

“ಕಾಣಲಿಲ್ಲ ಅಂತ ಬರದ್ರ ಪೇಷಂಟು ಏನಂತಾನ? ಮಷೀನ್ ಖರಾಬ್ ಅದ ಅಂತಾನ. ಹೊರಗ ಎಷ್ಟ ಮಂದಿ ಕೂತಾರ ನೋಡೀರಾ? ಮತ್ತ ಮತ್ತ ಒಬ್ಬನ್ನೇ ನೋಡ್ಲಾಕ ಟೈಮ್ ಇಲ್ಲ. ಖಾಲಿ ಹೊಟ್ಟೀಲೆ ಬಂದೋರ್ದು ಎಲ್ಲಾ ಕಾಣ್ತಾದ.”

“ಖಾಲಿ ಹೊಟ್ಟೆಯಲ್ಲಿ ಯಾರೂ ಬಂದಿಲ್ಲ. ಆ ಚೀಟಿ ಬರೆದವನು ನಾನು. ತಪ್ಪು ಬರೆದಿದ್ದೇನೆ.”

ಅವರು ನಗತೊಡಗಿದರು. ನಾನು ಬಾಗಿಲನ್ನು ಪೂರ್ತಿ ತೆರೆದೆ. ಹೊರಗೆ ಬೆಂಚಿನ ಮೇಲೆ, ನೆಲದ ಮೇಲೆ ಜನ. ಪಾಠ ಹೇಳುವ ದನಿಯಲ್ಲಿ ಕೇಳಿದೆ: “ಎಲ್ಲಾರೂ ಉಪವಾಸ ಬಂದೀರೇನ್ರಿ?”

“ಹೌದ್ರಿ!”

“ಫರಾಳ ಏನ್ ಮಾಡಿದ್ರಿ?”

ಬೇಮಳಖೇಡದಿಂದ ಬಂದ ಒಬ್ಬ ಮುದುಕಿ ಮೊದಲು ಹೇಳಿದಳು: “ಸಾಬುದಾಣಿ ಅಷ್ಟರಿ ಯಪ್ಪಾ. ಜರಾ ಮಜ್ಜಿಗಿ.” ಆಮೇಲೆ ಒಬ್ಬರ ಮೇಲೊಬ್ಬರು. ಶೇಂಗಾದ ಉಂಡಿ. ಹಾಲು. ಗೆಣಸು. “ನಾ ಬರೇ ಬಾಳಿಹಣ್ಣರಿ, ಕಟ್ಟುನಿಟ್ಟ ಅದೀನಿ,” ಎಂದು ಒಬ್ಬ ಎದೆ ಉಬ್ಬಿಸಿದ. ಪಕ್ಕದವನು, “ಡಜನ್ ತಿಂದಾನ್ರಿ, ನಾ ಎಣಿಸೀನಿ!” ಎಂದ. ಎಲ್ಲರೂ ನಕ್ಕರು. ನನ್ನ ಹಿಂದೆ ಡಾಕ್ಟರ ನಗು ನಿಂತಿತ್ತು. ಸಿಸ್ಟರ್ ತಲೆ ತಗ್ಗಿಸಿ, “ಪ್ರತಿ ಗುರುವಾರ ಹಿಂಗೇರಿ ಸರ. ನಮಗ ಯಾರೂ ಕೇಳಿಲ್ಲ,” ಎಂದರು.

ಕಾಕಾ ಎರಡು ತಂಬಿಗೆ ನೀರು ಕುಡಿದರು, ಗಾಳಿ ನುಂಗದಂತೆ ಗುಟುಕು ಗುಟುಕಾಗಿ. ಮಲಗಿಸದೆ ಕೂರಿಸಿ ನೋಡಿ ಎಂದೆ. ಹಾಗೆ ಕೂತರೆ ಇದ್ದ ಗಾಳಿ ಮೇಲೇರುತ್ತದೆ, ನೀರು ಗ್ರಂಥಿಯ ಮುಂದೆ ನಿಲ್ಲುತ್ತದೆ. ಡಾಕ್ಟರು ಹಾಗೇ ಮಾಡಿದರು. ಪರದೆಯ ಮೇಲೆ ಕಪ್ಪು ನೀರು, ಅದರ ಹಿಂದೆ ಗ್ರಂಥಿ. ಗ್ರಂಥಿಯ ತಲೆಯಲ್ಲಿ ಖಾಲಿ ತೇಪೆ. ಅದನ್ನು ನಾನು ನಕ್ಷತ್ರ ಚುಕ್ಕೆಗಳಲ್ಲಿ ಎಷ್ಟೋ ಸಲ ನೋಡಿದ್ದೆ. ಡಾಕ್ಟರು ಅಳೆದರು. ಐದು ಸೆಂಟಿಮೀಟರಿಗೆ ಸ್ವಲ್ಪ ಕಡಿಮೆ. ಅವರ ಕೈ ಸ್ಟಾಂಪಿನ ಕಡೆ ಹೋಗಿ, ಅರ್ಧದಲ್ಲಿ ನಿಂತು, ಪೆನ್ನು ತೆಗೆದುಕೊಂಡಿತು.

ಸೊಲ್ಲಾಪುರದಲ್ಲಿ ಹೊಟ್ಟೆ ತೆರೆದರು. ಗಡ್ಡೆ ಹಿಂದಿನ ರಕ್ತನಾಳಕ್ಕೆ ಅಂಟಿಕೊಂಡಿತ್ತು, ತೆಗೆಯಲಾಗಲಿಲ್ಲ. ಪಿತ್ತ ಹರಿಯಲು ಬೇರೆ ದಾರಿ ಮಾಡಿ ಹೊಲಿದರು. ಕಣ್ಣಿನ ಹಳದಿ, ಆ ಕಾಮಣಿ, ಇಳಿಯಿತು. ಮೂರು ತಿಂಗಳ ಹಿಂದೆ ಬಂದಿದ್ದರೆ ಎಂದು ಸರ್ಜನ್‌ರನ್ನು ಕೇಳಿದೆ. “ಆಗ ಹೇಗಿತ್ತೋ ಯಾರು ನೋಡಿದ್ದಾರೆ?” ಎಂದರು. ಯಾರೂ ನೋಡಿರಲಿಲ್ಲ. ಅದೇ ನನ್ನ ಸಿಟ್ಟು.

ಹುಮನಾಬಾದಿನ ಮಾಲೀಕರಿಗೆ ರಿಜಿಸ್ಟರ್ ಕೊಡಿ ಎಂದೆ, ಹಳೆಯ ಗುರುವಾರಗಳಲ್ಲಿ ಸ್ಟಾಂಪು ಒತ್ತಿಸಿಕೊಂಡು ಹೋದವರನ್ನೆಲ್ಲ ಮತ್ತೆ ಕರೆಸೋಣ ಎಂದೆ. “ಸುಮ್ ಸುಮ್ನ ಮಂದಿಗಿ ಯಾಕ ಹೆದರಸ್ತೀರಿ?” ಎಂದರು. ರಿಜಿಸ್ಟರ್ ಕೊಡಲಿಲ್ಲ. ಅವರು ಯಾರು ಯಾರೋ, ಯಾವ ಊರುಗಳವರೋ, ನನಗೆ ಇಂದಿಗೂ ಗೊತ್ತಿಲ್ಲ. ಒಂದಕ್ಕೆ ಮಾತ್ರ ಒಪ್ಪಿದರು: ಹೊಸ ಚೀಟಿ.

ಅದನ್ನು ನಾನು ಬರೆಯಲಿಲ್ಲ. ಮಂಠಾಳದಲ್ಲಿ ಕಾಕಾನ ಹಾಸಿಗೆಯ ಪಕ್ಕದಲ್ಲಿ ಕೂತೆ. ಅವರು ಹೇಳಿದರು, ಕೈ ನನ್ನದು. ನಡುವೆ ಅವರ ಹೆಂಡತಿ, “ಪರಸಾದದ್ದೂ ಬರಸ್ರಿ. ದೇವರ ಪರಸಾದ ಕೊಟ್ರ ಯಾರೂ ಬ್ಯಾಡ ಅನ್ನಲ್ಲ,” ಎಂದರು. ಅದನ್ನೂ ಸೇರಿಸಿದೆವು. ಓದಿ ತೋರಿಸಿದಾಗ ಕಾಕಾ ಕಣ್ಣು ಮುಚ್ಚಿಕೊಂಡೇ, “ಬರಾಬರ್ ಅದ. ಇದ್ರಾಗ ನಿಮ್ದೊಂದೂ ಮಾತ ಇಲ್ಲ, ಅದಕ್ಕ ತಿಳೀತಾದ,” ಎಂದರು.

ಕಾಕಾ ತೀರಿಹೋದ ಮೇಲೆ ಚೀಟಿ ಅಚ್ಚಿಗೆ ಹೋಯಿತು. ಕರಡು ತಿದ್ದಿ ಕಳಿಸಿದ ಮಾಲೀಕರು ‘ಬ್ಯಾಡ್ರಿ’ ಎಂಬುದನ್ನು ಹೊಡೆದು ‘ಬೇಡಿ’ ಮಾಡಿದ್ದರು. ಇದು ಹಳ್ಳಿ ಭಾಷೆ, ನಿಮ್ಮಂಥವರು ಹೀಗೆ ಬರೆಯಬಾರದು ಎಂದು ಪಕ್ಕದಲ್ಲಿ ಟಿಪ್ಪಣಿ. ನಾನು ರಬ್ಬರು ತೆಗೆದುಕೊಂಡು ಅವರ ಪೆನ್ಸಿಲ್ ಗುರುತುಗಳನ್ನೆಲ್ಲ ಅಳಿಸಿ, ಪ್ರೆಸ್ಸಿಗೆ ಸ್ವತಃ ಹೋಗಿ, ಅಚ್ಚುಮೊಳೆ ಜೋಡಿಸುವವನ ಪಕ್ಕದಲ್ಲಿ ನಿಂತೆ. ಕಾಕಾ ಹೇಳಿದ್ದು ಹೇಳಿದ ಹಾಗೇ ಅಚ್ಚಾಯಿತು:

‘ಉಪವಾಸ ಮಾಡಬ್ಯಾಡ್ರಿ. ಖಾಲಿ ಹೊಟ್ಟೀಲೆ ಬರ್ರಿ. ಚಾ ಬ್ಯಾಡ, ಶೇಂಗಾ ಬ್ಯಾಡ, ಸಾಬುದಾಣಿ ಬ್ಯಾಡ, ಬಾಳಿಹಣ್ಣ ಬ್ಯಾಡ. ದೇವರ ಪರಸಾದ ಕೊಟ್ರ ಕಟ್ಕೊಂಡು ಬರ್ರಿ, ತಪಾಸ ಆದ ಮ್ಯಾಲ ತಿನ್ರಿ. ಹೊಟ್ಟ್ಯಾಗ ಕಂಡದ್ದೇನು, ಕಾಣದ್ದೇನು ಅಂತ ಡಾಕ್ಟರಿಗಿ ಕೇಳ್ರಿ. ಕೇಳಲಾರ್ದ ಮನಿಗಿ ಹೋಗಬ್ಯಾಡ್ರಿ.’